ಪಂಪು ಬಂದ್, ದೋಷ ಸತ್ತವನದು!

ಸ್ವಾಮಿ, ಬಾವಿ ತುಂಬ ನೀರಿದ್ದರೂ ಪಂಪ್‌ಸೆಟ್ ಹಾಕದಿದ್ದರೆ ಪೈರು ಒಣಗುತ್ತೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2013ರ ನವೆಂಬರ್ 29ರ ರಾತ್ರಿ ಆದದ್ದೂ ಇದೇ. ಪೊಲೀಸ್ ಹೆಲಿಕಾಪ್ಟರಿನ ದೊಡ್ಡ ಟ್ಯಾಂಕಿನಲ್ಲಿ 76 ಕಿಲೋ ಇಂಧನವಿತ್ತು. ಅದನ್ನು ಎಂಜಿನ್ನಿನ ಟ್ಯಾಂಕುಗಳಿಗೆ ಸಾಗಿಸುವ ಪಂಪುಗಳು ಬಂದ್. ಎರಡೂ ಎಂಜಿನ್ ನಿಂತು, ಕ್ಲೂಥಾ ಎಂಬ ಹೆಂಡದಂಗಡಿಯ ಸೂರು ಮುರಿದು ಬಿತ್ತು. ಮೇಲಿದ್ದ ಮೂವರು, ಅಂಗಡಿಯಲ್ಲಿದ್ದ ಏಳು ಜನ ಸತ್ತರು.

ಎಚ್ಚರಿಕೆ ಬಂದರೂ ಪೈಲಟ್ ಲೆಕ್ಕಿಸಲಿಲ್ಲವೆಂದು 2019ರಲ್ಲಿ ನ್ಯಾಯಾಧೀಶರು ಹೇಳಿದರು. ಇರಬಹುದು. ಯಾಕೆ ಲೆಕ್ಕಿಸಲಿಲ್ಲ? ಕೊನೆಯ ನಿಮಿಷಗಳ ಕಥೆ ಹೇಳುವ ಕಪ್ಪು ಪೆಟ್ಟಿಗೆಯೇ ಅದರಲ್ಲಿರಲಿಲ್ಲ. ಕಾನೂನು ಕಡ್ಡಾಯ ಮಾಡಿರಲಿಲ್ಲವಂತೆ! ಅರ್ಧ ಲೀಟರ್ ಹಾಲಿಗೂ ನಮ್ಮ ಡೈರಿಯಲ್ಲಿ ಲೆಕ್ಕ ಬರೀತಾರೆ. ಊರ ತಲೆ ಮೇಲೆ ಹಾರೋ ಯಂತ್ರಕ್ಕೆ ಬೇಡವೇ? ಪೆಟ್ಟಿಗೆ ಹಾಕಿಸಿ ಅಂತ 2015ರ ತನಿಖೆ ನಿಯಮ ಮಾಡುವವರಿಗೆ ಬರೀ ಶಿಫಾರಸು ಕೊಟ್ಟಿತು. ದೋಷ ಮಾತ್ರ, ಎದ್ದು ಬಂದು ಉತ್ತರ ಹೇಳಲಾಗದವನ ಹೆಸರಿಗೆ.