ಮೂರು ಚೆಂಡು, ಇಪ್ಪತ್ತೆರಡು ಚೆಂಡು

ಬಿಲಿಯರ್ಡ್ಸ್ ಆಟಗಾರನ ಬಾಳಿನಲ್ಲಿ ಸರಿಸುಮಾರು ಅರ್ಧ ಭಾಗ ಕುರ್ಚಿಯ ಮೇಲೆಯೇ ಕಳೆದುಹೋಗುತ್ತದೆ. ಎದುರಾಳಿ ತಪ್ಪದೆ ಆಡುತ್ತಿರುವಷ್ಟು ಹೊತ್ತು ಅವನಿಗೆ ಮೇಜಿನ ಬಳಿ ಕೆಲಸವಿಲ್ಲ. ಕ್ರಿಕೆಟಿನ ದಾಂಡಿಗನಿಗೆ ಬಂದ ಚೆಂಡನ್ನು ತಡೆಯುವ ಹಕ್ಕಾದರೂ ಉಂಟು. ಕುಸ್ತಿಯ ಪಟುವಿಗೆ ಹಿಡಿತದಿಂದ ನುಣುಚಿಕೊಳ್ಳುವ ದಾರಿಯುಂಟು. ಇಲ್ಲಿ ಅಂತಹ ಸೌಕರ್ಯವೊಂದೂ ಇಲ್ಲ. ಕೋಲನ್ನು ಮಗ್ಗುಲಲ್ಲಿಟ್ಟುಕೊಂಡು, ತನ್ನ ಸೋಲು ಅಂಕದ ಮೇಲೆ ಅಂಕವಾಗಿ ಬೆಳೆಯುವುದನ್ನು ನೋಡುತ್ತ ಕುಳಿತಿರಬೇಕು. ಹೀಗೆ ಎದುರಾಳಿಗಳನ್ನು ಕೂರಿಸಿ ಕಾಯಿಸುವ ವಿದ್ಯೆಯಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿಯವರಿಗೆ ಸಮನಾದವರು ಭಾರತದಲ್ಲಿ ಇನ್ನೊಬ್ಬರಿಲ್ಲ. 2024ರ ನವೆಂಬರಿನ ಹೊತ್ತಿಗೆ ಅವರು ಗಳಿಸಿದ ವಿಶ್ವ ಪ್ರಶಸ್ತಿಗಳು 28.

ಗೋಕಾಕ ಫಾಲ್ಸಿನ ಗಿರಣಿಯ ವಸತಿಯಾಗಲಿ, ಬೆಂಗಳೂರಿನ ಬಸವನಗುಡಿಯಾಗಲಿ, ರಜೆಯ ದಿನಗಳಲ್ಲಿ ಕೇರಂ ಹಲಗೆಯ ಸದ್ದು ಕೇಳಿಸದ ಬೀದಿ ಅಪರೂಪ. ಕೋನ ನೋಡಿ ಹೊಡೆಯುವುದು, ಅಂಚಿಗೆ ತಾಗಿಸಿ ತಿರುಗಿಸುವುದು, ಮೂಲೆಯ ಕುಳಿಗೆ ಕಾಯಿ ಬೀಳಿಸುವುದು, ಇವೆಲ್ಲ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದುದಿಲ್ಲ. ಆದರೆ ಕೇರಮಿಗೂ ಈ ದೊಡ್ಡ ಮೇಜಿನ ಆಟಗಳಿಗೂ ಒಂದು ಮುಖ್ಯ ಭೇದವಿದೆ. ಕೇರಂ ಆಡುವವನು ಪ್ರತಿ ಹೊಡೆತಕ್ಕೂ ಸ್ಟ್ರೈಕರನ್ನು ತನ್ನ ಗೆರೆಗೆ ತಂದಿಟ್ಟುಕೊಳ್ಳುತ್ತಾನೆ. ಬಿಲಿಯರ್ಡ್ಸಿನಲ್ಲಿ ಹೊಡೆಯುವ ಚೆಂಡು ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನ ಆಟ. ಆದ್ದರಿಂದ ಈಗ ಬೀಳಿಸುವ ಚೆಂಡಿಗಿಂತ, ಬೀಳಿಸಿದ ಮೇಲೆ ತನ್ನ ಚೆಂಡು ಹೋಗಿ ನಿಲ್ಲುವ ಜಾಗವೇ ದೊಡ್ಡ ಚಿಂತೆ. ಒಳ್ಳೆಯ ಆಟಗಾರನ ಹೊಡೆತಗಳೆಲ್ಲ ಸುಲಭವಾಗಿ ಕಾಣುವುದಕ್ಕೆ ಇದೇ ಕಾರಣ. ಕಷ್ಟದ ಹೊಡೆತ ಬಂತೆಂದರೆ ಹಿಂದಿನ ಹೊಡೆತದಲ್ಲಿ ಎಲ್ಲೋ ಎಡವಟ್ಟಾಗಿದೆಯೆಂದೇ ಅರ್ಥ.

ಮೇಜು ಒಂದೇ ಆದರೂ ಆಟ ಒಂದೇ ಅಲ್ಲ. ಬಿಲಿಯರ್ಡ್ಸಿಗೆ ಮೂರೇ ಚೆಂಡು. ಬೀಳಿಸಿದ ಚೆಂಡು ಮತ್ತೆ ಮೇಜಿಗೆ ಬರುವುದರಿಂದ ಆಟಕ್ಕೆ ತನ್ನಷ್ಟಕ್ಕೆ ಮುಗಿತಾಯವೆಂಬುದಿಲ್ಲ. ಗಡಿಯಾರವೋ ಗೊತ್ತುಪಡಿಸಿದ ಅಂಕವೋ ಅದನ್ನು ನಿಲ್ಲಿಸಬೇಕು. ನುರಿತವನು ಮೂರು ಚೆಂಡುಗಳನ್ನೂ ಒಂದು ಮೂಲೆಯಲ್ಲಿ ಹತ್ತಿರ ಹತ್ತಿರ ಇರಿಸಿಕೊಂಡು, ಮಗುವಿನ ಕೆನ್ನೆ ಸವರಿದಂತೆ ಮೆಲ್ಲಮೆಲ್ಲನೆ ತಾಗಿಸುತ್ತ ಎರಡು, ಮೂರು, ಎರಡು ಎಂದು ಅಂಕ ಕೂಡಿಸುತ್ತಾನೆ. ಗೀತ್ ಸೇಠಿಯವರು 1992ರಲ್ಲಿ ಮುಂಬಯಿಯಲ್ಲಿ ಒಂದೇ ಸರದಿಯಲ್ಲಿ 1,276 ಅಂಕ ಕೂಡಿಸಿದರೆಂಬುದರಿಂದ ಈ ತಪಸ್ಸಿನ ಅಳತೆ ತಿಳಿಯಬಹುದು. ಸ್ನೂಕರಿಗೆ ಇಪ್ಪತ್ತೆರಡು ಚೆಂಡುಗಳು: ಕೆಂಪು ಹದಿನೈದು, ಬೇರೆ ಬಣ್ಣದವು ಆರು, ಹೊಡೆಯುವ ಬಿಳಿಯದೊಂದು. ಹನ್ನೆರಡು ಅಡಿ ಉದ್ದದ ಮೇಜಿನ ಆ ತುದಿಯಿಂದ ಈ ತುದಿಗೆ ಚೆಂಡನ್ನು ಅಳುಕದೆ ಹೊಡೆಯುವ ಎದೆಗಾರಿಕೆ ಇಲ್ಲಿ ಬೇಕು. ಮೇಜು ಬರಿದಾಯಿತೆಂದರೆ ಆ ಸುತ್ತು ಮುಗಿಯಿತು. ಇವುಗಳ ಕಿರಿಯ ಸಂಬಂಧಿಯಾದ ಪೂಲ್ ಆಟದ ಮೇಜು ಚಿಕ್ಕದು, ಚೆಂಡುಗಳು ಸ್ವಲ್ಪ ದೊಡ್ಡವು; ಅಮೆರಿಕದಲ್ಲಿ ಅದಕ್ಕೇ ಹೆಚ್ಚಿನ ಮರ್ಯಾದೆ.

ಇಂಗ್ಲಿಷರ ಆಟವೆಂದು ಹೆಸರಾದ ಸ್ನೂಕರ್ ಹುಟ್ಟಿದ್ದು ನಮ್ಮ ದೇಶದ ಜಬಲಪುರದಲ್ಲಿ. 1875ರಲ್ಲಿ ಅಲ್ಲಿನ ಸೈನ್ಯಾಧಿಕಾರಿಗಳು ಹೊತ್ತು ಕಳೆಯಲೆಂದು ಕಟ್ಟಿಕೊಂಡ ಆಟವದು. ಅದಕ್ಕೆ ನಿಯಮಗಳ ಚೌಕಟ್ಟು ದೊರೆತದ್ದು ಮೈಸೂರಿಗೆ ನೆರೆಯಾದ ಊಟಿಯ ಕ್ಲಬ್ಬಿನಲ್ಲಿ. ಕ್ಲಬ್ಬಿನ ಬಾಗಿಲು ದಾಟಿ ಈ ಆಟ ಸಾಮಾನ್ಯರ ಕೈಗೆ ಬರಲು ಬಹುಕಾಲ ಹಿಡಿಯಿತು. ಹೊರಗೆ ಬಂದ ಮೇಲೂ, ಸೋಮಾರಿಗಳು ಹೊಗೆ ಬಿಡುತ್ತ ಕುಳಿತುಕೊಳ್ಳುವ ಜಾಗದ ಆಟವೆಂಬ ಅಪವಾದ ಅದರ ಬೆನ್ನು ಬಿಡಲಿಲ್ಲ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸಿನ ವಿಶ್ವ ವಿಜೇತರಾದರು. ಯಾವುದೇ ಕ್ರೀಡೆಯಲ್ಲಿ ವೈಯಕ್ತಿಕ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರೇ. ಆದರೂ ಮಗ ಕೋಲು ಹಿಡಿದರೆ ಸಂತೋಷಪಡುವ ತಂದೆತಾಯಿಗಳ ಸಂಖ್ಯೆ ಅದರಿಂದ ಬಹಳವೇನೂ ಹೆಚ್ಚಿದಂತೆ ತೋರುವುದಿಲ್ಲ.

ಪಂಕಜ್ ಅಡ್ವಾಣಿಯವರು ಜೋನ್ಸ್ ಅವರ ಊರಾದ ಪುಣೆಯಲ್ಲಿಯೇ 1985ರ ಜುಲೈ 24ರಂದು ಜನಿಸಿದರು. ಶೈಶವ ಕಳೆದದ್ದು ಕುವೈತಿನಲ್ಲಿ. ಕುಟುಂಬ ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ, ಇನ್ನೂ ಚಿಕ್ಕವರಿರುವಾಗಲೇ ತಂದೆಯನ್ನು ಕಳೆದುಕೊಂಡರು. ಇಬ್ಬರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಮೊದಲು ಕೋಲು ಹಿಡಿದವರು ಅಣ್ಣ ಶ್ರೀ. ಅಣ್ಣನ ಹಿಂದೆ ಹಿಂದೆ ಹೋಗಿ, ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ಹತ್ತು ವರ್ಷದ ತಮ್ಮನಿಗೂ ಆಟದ ಹುಚ್ಚು ಹಿಡಿಯಿತು. ಮೇಜಿನ ಎತ್ತರವೇ ಎರಡು ಮುಕ್ಕಾಲು ಅಡಿಗಿಂತ ಹೆಚ್ಚು. ಆ ವಯಸ್ಸಿನ ಹುಡುಗ ಅದರ ಮೇಲೆ ಬಾಗುವುದಕ್ಕಿಂತ ಅದನ್ನು ಹತ್ತುವುದೇ ಸುಲಭ. ಆದರೂ ಮರುವರ್ಷದ ಹೊತ್ತಿಗೆ ಮೊದಲ ಪ್ರಶಸ್ತಿ ಬಂದಿತು. ಅಂತಿಮ ಪಂದ್ಯದಲ್ಲಿ ಸೋತವರು ಶ್ರೀ. ಅಣ್ಣನು ಮುಂದೆ ಕ್ರೀಡಾ ಮನಶ್ಶಾಸ್ತ್ರವನ್ನು ಅಭ್ಯಸಿಸಿ ತಮ್ಮನ ಬೆಂಬಲಕ್ಕೇ ನಿಂತರೆಂಬುದನ್ನು ನೆನೆದರೆ, ಆ ದಿನ ಮನೆಗೆ ಬಂದದ್ದು ಒಂದೇ ಪ್ರಶಸ್ತಿಯಲ್ಲವೆನಿಸುತ್ತದೆ.

ರಾಷ್ಟ್ರೀಯ ಸ್ನೂಕರ್ ವಿಜೇತರಾಗಿದ್ದ ಅರವಿಂದ ಸಾವೂರ್ ಅವರಲ್ಲಿ ಪಂಕಜ್ ಶಿಷ್ಯವೃತ್ತಿ ಮಾಡಿದರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳು ಅವರ ಎರಡನೆಯ ಶಾಲೆಯಾದವು. ಹದಿನೆಂಟು ತುಂಬಿದ ಕೆಲವೇ ತಿಂಗಳಲ್ಲಿ, 2003ರ ಅಕ್ಟೋಬರಿನಲ್ಲಿ, ಚೀನದ ಜಿಯಾಂಗ್‌ಮೆನ್ ನಗರದಲ್ಲಿ ಪಾಕಿಸ್ತಾನದ ಸಾಲೆಹ್ ಮಹಮ್ಮದರನ್ನು ಸೋಲಿಸಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು.

ಅಲ್ಲಿಗೆ ಸ್ನೂಕರ್ ಆಟಗಾರರೆಂದು ಹಣೆಪಟ್ಟಿ ಕಟ್ಟಿಕೊಂಡು ಸುಮ್ಮನಿರಬಹುದಾಗಿತ್ತು. ಪಂಕಜ್ ಎರಡು ದೋಣಿಗಳಲ್ಲಿ ಕಾಲಿಟ್ಟರು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡು ಬಗೆಗಳಲ್ಲಿಯೂ, ಎಂದರೆ ಗಡಿಯಾರದ ಲೆಕ್ಕದ ಆಟದಲ್ಲಿಯೂ ಅಂಕದ ಲೆಕ್ಕದ ಆಟದಲ್ಲಿಯೂ, ವಿಶ್ವ ವಿಜೇತರಾದರು. 2008ರಲ್ಲಿ ಬೆಂಗಳೂರಿನ ಜನರ ಕಣ್ಣೆದುರೇ ಅದೇ ಜೋಡಿ ಪ್ರಶಸ್ತಿಯನ್ನು ಮತ್ತೆ ಗೆದ್ದರು. 2014 ಮತ್ತು 2018ರಲ್ಲಿಯೂ ಇದು ನಡೆಯಿತು. ಎರಡು ದೋಣಿಗಳ ಪ್ರಯಾಣದ ಅಪಾಯವನ್ನು ಗಾದೆಯೇ ಹೇಳುತ್ತದೆ. ಬಿಲಿಯರ್ಡ್ಸಿನ ಮೆಲ್ಲನೆಯ ಸ್ಪರ್ಶಕ್ಕೆ ಒಗ್ಗಿದ ತೋಳು ಸ್ನೂಕರಿನ ನೀಳ ಹೊಡೆತಕ್ಕೆ ಹಿಂಜರಿಯುತ್ತದೆ. ಸ್ನೂಕರಿನ ರಭಸಕ್ಕೆ ಒಗ್ಗಿದ್ದು ಬಿಲಿಯರ್ಡ್ಸಿನಲ್ಲಿ ಅತಿಯಾಗುತ್ತದೆ. ವೀಣೆಯನ್ನೂ ಮೃದಂಗವನ್ನೂ ಒಂದೇ ಕಚೇರಿಯಲ್ಲಿ ನುಡಿಸಬೇಕಾದವನ ಪಾಡು ಅದು.

ಬಿಲಿಯರ್ಡ್ಸಿನ ವೃತ್ತಿಪರರ ನಡುವೆಯೂ ಅವರ ಪರೀಕ್ಷೆ ನಡೆಯಿತು. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಡೆದ ವೃತ್ತಿಪರರ ವಿಶ್ವ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಎದುರಿಗಿದ್ದವರು ಮೈಕ್ ರಸೆಲ್. ಆ ಪ್ರಶಸ್ತಿಯನ್ನು ಹಲವು ಬಾರಿ ಮನೆಗೆ ಒಯ್ದವರು. ಪಂಕಜ್ 2,030ಕ್ಕೆ 1,253 ಅಂಕಗಳಿಂದ ಗೆದ್ದರು. ಗೀತ್ ಸೇಠಿಯವರ ನಂತರ ಆ ಪ್ರಶಸ್ತಿ ಗೆದ್ದ ಎರಡನೆಯ ಭಾರತೀಯರು ಅವರು.

ಆದರೆ ಸ್ನೂಕರಿನ ವೃತ್ತಿಪರ ಲೋಕದ ಮಾತೇ ಬೇರೆ. ಹಣ, ದೂರದರ್ಶನ, ತುಂಬಿದ ಸಭಾಂಗಣ ಎಲ್ಲ ಅಲ್ಲಿ. 2012ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಪಂಕಜ್ ಆ ಲೋಕವನ್ನು ಪ್ರವೇಶಿಸಿದರು. ಪಂದ್ಯಗಳು ಬಹುಮಟ್ಟಿಗೆ ಬ್ರಿಟನ್ನಿನಲ್ಲಿ ಮತ್ತು ಚೀನದಲ್ಲಿ. ಬಾಲ್ಯದಿಂದ ಬೇರೇನನ್ನೂ ಆಡದೆ ಸ್ನೂಕರೊಂದನ್ನೇ ಉಸಿರಾಡಿದ ತರುಣರು ಅಲ್ಲಿನ ಎದುರಾಳಿಗಳು. ಪಂಕಜ್ ಇತ್ತ ಬಿಲಿಯರ್ಡ್ಸನ್ನೂ ಬಿಡಲಿಲ್ಲ. ಅದೇ 2012ರಲ್ಲಿ ಲೀಡ್ಸಿನಲ್ಲಿ ಮತ್ತೆ ರಸೆಲರನ್ನು ಸೋಲಿಸಿ ವಿಶ್ವ ಪ್ರಶಸ್ತಿ ಪಡೆದರು. 2013ರ ಫೆಬ್ರವರಿಯಲ್ಲಿ ವೆಲ್ಷ್ ಓಪನ್ ಸ್ಪರ್ಧೆಯಲ್ಲಿ, ಹಿಂದೆ ವಿಶ್ವ ವಿಜೇತರಾಗಿದ್ದ ಶಾನ್ ಮರ್ಫಿ ಮತ್ತು ಗ್ರೇಮ್ ಡಾಟ್ ಇಬ್ಬರನ್ನೂ ದಾಟಿ ಕೊನೆಯ ಎಂಟು ಮಂದಿಯಲ್ಲಿ ಒಬ್ಬರಾದರು. ಶ್ರೇಯಾಂಕದ ಸ್ಪರ್ಧೆಯೊಂದರಲ್ಲಿ ಅಲ್ಲಿಯವರೆಗೆ ತಲುಪಿದ ಮೊದಲ ಭಾರತೀಯರು ಅವರು. ಅಲ್ಲಿ ಜಡ್ ಟ್ರಂಪ್ ಅವರಿಗೆ ಸೋತರು.

ಬಾಗಿಲು ತೆರೆದಿತ್ತು. ಒಳಗೆ ಹೋಗಬೇಕಾದರೆ ಎರಡು ತ್ಯಾಗಗಳು ಅನಿವಾರ್ಯ: ಮನೆಯನ್ನು ಬಿಡಬೇಕು, ಮೂರು ಚೆಂಡಿನ ಆಟವನ್ನು ಬಿಡಬೇಕು. ಎರಡು ಋತುಗಳ ನಂತರ, 2014ರಲ್ಲಿ, ಪಂಕಜ್ ವೃತ್ತಿಪರ ಪ್ರವಾಸದ ಸ್ಥಾನವನ್ನೇ ಬಿಟ್ಟುಕೊಟ್ಟು ಬೆಂಗಳೂರಿಗೆ ಮರಳಿದರು. ಮನೆಯವರ ಜೊತೆಯಲ್ಲಿ ಇರಬೇಕು, ಎರಡು ಆಟಗಳನ್ನೂ ಆಡಬೇಕು ಎಂಬುದು ಅವರ ಅಪೇಕ್ಷೆ. ಇದನ್ನು ಹಿಮ್ಮೆಟ್ಟುವಿಕೆಯೆಂದು ಬಗೆದವರಿಗೆ ಕಾರಣವಿಲ್ಲದಿಲ್ಲ. ಹವ್ಯಾಸಿಗಳ ನಡುವೆ ಹತ್ತು ಬಾರಿ ಗೆಲ್ಲುವುದಕ್ಕಿಂತ ಅತಿರಥರ ನಡುವೆ ಒಮ್ಮೆ ಗೆಲ್ಲುವುದು ಮೇಲು ಎಂಬ ವಾದಕ್ಕೆ ತೂಕವಿದೆ, ಮತ್ತು ಈ ವಾದಕ್ಕೆ 28 ಪ್ರಶಸ್ತಿಗಳ ಪಟ್ಟಿಯೂ ಪೂರ್ತಿ ಉತ್ತರವಲ್ಲ. ಆದರೆ ಅವರು ಕೈಬಿಡಬೇಕಾಗಿದ್ದ ವಸ್ತು ಯಾವುದೆಂಬುದನ್ನೂ ನೋಡಬೇಕು. ಸ್ನೂಕರಿಗೆ ಒಳ್ಳೆಯ ಆಟಗಾರರ ಕೊರತೆಯಿಲ್ಲ. ನೋಡುವವರು ಕಡಿಮೆಯಾಗುತ್ತ ಬಂದ ಬಿಲಿಯರ್ಡ್ಸಿಗೆ ಇಂತಹ ಕೈ ಮತ್ತೊಂದು ಸಿಗುವುದು ಸುಲಭವಾಗಿರಲಿಲ್ಲ.

ಮರಳಿದ ವರ್ಷವೇ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಆರು ಕೆಂಪು ಚೆಂಡುಗಳ ಸ್ನೂಕರಿನಲ್ಲಿ ವಿಶ್ವ ಪ್ರಶಸ್ತಿ, ಲೀಡ್ಸಿನಲ್ಲಿ ಬಿಲಿಯರ್ಡ್ಸಿನ ಜೋಡಿ ಪ್ರಶಸ್ತಿ. 2017ರ ನವೆಂಬರಿನಲ್ಲಿ ದೋಹಾದಲ್ಲಿ ನಡೆದುದಂತೂ ಈ ಎರಡು ದೋಣಿಯ ಪ್ರಯಾಣಿಕನ ಅತ್ಯುತ್ತಮ ದಿನಗಳು. ಮೊದಲು ಬಿಲಿಯರ್ಡ್ಸಿನ ಅಂತಿಮ ಪಂದ್ಯದಲ್ಲಿ ರಸೆಲರನ್ನು ಸೋಲಿಸಿದರು. ತೋಳು ಆ ಲಯವನ್ನು ಮರೆಯಲು ಸಾಕಷ್ಟು ಬಿಡುವಿಲ್ಲದೆಯೇ ಅಲ್ಲಿನ ಸ್ನೂಕರ್ ಸ್ಪರ್ಧೆಗೆ ಇಳಿದು, ಇರಾನಿನ ಅಮೀರ್ ಸರ್ಖೋಶ್ ಅವರನ್ನು 8–2ರಿಂದ ಸೋಲಿಸಿದರು.

ಇಷ್ಟಾದರೂ ಬೀದಿಯಲ್ಲಿ ಅವರನ್ನು ಗುರುತು ಹಿಡಿಯುವವರು ಎಷ್ಟು ಮಂದಿ? 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಬಿಲಿಯರ್ಡ್ಸಿನ ಚಿನ್ನ ಅವರದು. 2010ರಲ್ಲಿ ಗುವಾಂಗ್‌ಝೌ ನಗರದಲ್ಲಿ ಮತ್ತೆ ಚಿನ್ನ. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಚಿನ್ನವೇ ಅದು. 2014ರ ಕೂಟದಲ್ಲಿ ಆ ಪದಕವನ್ನು ಉಳಿಸಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಕೂಟದ ಪಟ್ಟಿಯಿಂದ ಈ ಆಟಗಳನ್ನೇ ಕೈಬಿಟ್ಟಿದ್ದರು. ಒಲಿಂಪಿಕ್ಸಿನಲ್ಲಿ ಇವಕ್ಕೆ ಎಂದೂ ಸ್ಥಳವಿರಲಿಲ್ಲ. ಸರ್ಕಾರ ಮಾತ್ರ ಮರೆಯಲಿಲ್ಲವೆನ್ನಬೇಕು: ಅರ್ಜುನ ಮತ್ತು ಖೇಲ್ ರತ್ನ ಪ್ರಶಸ್ತಿಗಳು, 2009ರಲ್ಲಿ ಪದ್ಮಶ್ರೀ, 2018ರಲ್ಲಿ ಪದ್ಮಭೂಷಣ ದೊರೆತವು. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಉದ್ಯೋಗ ಜೀವನಕ್ಕೆ ಆಧಾರವಾಯಿತು. ವಿಶ್ವ ವಿಜೇತನಿಗೂ ತಿಂಗಳ ಸಂಬಳ ಬೇಕಾಗುವ ಆಟವಿದು.

ಬೆಂಗಳೂರಿನ ಮೇಜುಗಳು ಪುರುಷರ ಸೊತ್ತಾಗಿ ಉಳಿಯಲಿಲ್ಲವೆಂಬುದನ್ನೂ ಇಲ್ಲಿ ಹೇಳದಿರಲಾಗದು. ಪೂಲ್ ಆಟದಲ್ಲಿಯೂ ಹೆಸರು ಮಾಡಿದ ಚಿತ್ರಾ ಮಗಿಮೈರಾಜ್ 2006ರಲ್ಲಿ ಮಹಿಳೆಯರ ಬಿಲಿಯರ್ಡ್ಸ್ ವಿಶ್ವ ಪ್ರಶಸ್ತಿ ಗಳಿಸಿದರು. ಸರ್ಕಾರಿ ನೌಕರಿಯಲ್ಲಿದ್ದ ಉಮಾದೇವಿಯವರು, ಬೇರೆಯವರು ಆಟದಿಂದ ನಿವೃತ್ತಿಯ ಯೋಚನೆ ಮಾಡುವ ವಯಸ್ಸಿನಲ್ಲಿ ಕೋಲು ಹಿಡಿದು, 2012ರಲ್ಲಿ ಅದೇ ಪ್ರಶಸ್ತಿಯನ್ನು ತಂದರು. ಅವರ ಕಥೆಗೆ ಈ ಪುಟ ಸಾಲದು.

ಪಂಕಜ್ ಅವರಿಗೆ ಈಚಿನ ವರ್ಷಗಳಲ್ಲಿ ಅಂತಿಮ ಪಂದ್ಯಗಳಲ್ಲಿ ಮತ್ತೆ ಮತ್ತೆ ಎದುರಾದವರು ಕಲ್ಕತ್ತೆಯ ಸೌರವ್ ಕೊಠಾರಿ. 1990ರಲ್ಲಿ ಬೆಂಗಳೂರಿನಲ್ಲಿಯೇ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದ ಮನೋಜ್ ಕೊಠಾರಿಯವರ ಮಗ. 2022ರಲ್ಲಿ ಕೌಲಾಲಂಪುರದಲ್ಲಿ ಪಂಕಜ್ ಕೊಠಾರಿಯವರನ್ನು 4–0ರಿಂದ ಸೋಲಿಸಿದರು. 2023ರಲ್ಲಿ ದೋಹಾದಲ್ಲಿ 1,000ಕ್ಕೆ 416ರಿಂದ. 2024ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್ ಅವರನ್ನು ಸೋಲಿಸಿ ಇಪ್ಪತ್ತೆಂಟನೆಯ ಪ್ರಶಸ್ತಿಯನ್ನು ಪಡೆದರು. 2025ರ ಏಪ್ರಿಲಿನಲ್ಲಿ ಐರ್ಲೆಂಡಿನ ಕಾರ್ಲೋ ಎಂಬ ಊರಿನಲ್ಲಿ ಗಡಿಯಾರದ ಲೆಕ್ಕದ ಅಂತಿಮ ಪಂದ್ಯಕ್ಕೆ ಮತ್ತೆ ಅವರಿಬ್ಬರೇ ಇಳಿದರು. ಆ ದಿನ ಕೊಠಾರಿಯವರು 725, ಪಂಕಜ್ 480.