ವಿಕಿಪೀಡಿಯಕ್ಕೂ ಆಳು ಬೇಕಾಗ್ಯಾರ

ಕನ್ನಡ ವಿಕಿಪೀಡಿಯ 2003ರಿಂದ ಸಂಬಳ ಇಲ್ಲದೆ ಬರೆಯೋರ ಮ್ಯಾಲೇ ನಿಂತೈತಿ. ಸಿರುಗುಪ್ಪದ ಭತ್ತ, ಕುರುಗೋಡಿನ ಮೆಣಸಿನಕಾಯಿ, ಎಲ್‌ಎಲ್‌ಸಿ ಕಾಲುವೆ ಬಗ್ಗೆ ಬೆಂಗಳೂರಿನವರೇ ಬರೀಲಿ ಅಂತ ಕಾಯೋದು ನನಗೆ ಸರಿ ಕಾಣ್ತಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ವಾಟ್ಸಾಪ್‌ನಲ್ಲಿ ಎಷ್ಟು ಬರೆದ್ವಿ! ಈಗ ಹುಡುಕಿದ್ರೆ ಒಂದೂ ಸಿಗಲ್ಲ.

ವಿಕಿಪೀಡಿಯದಾಗ "ನಮ್ಮಜ್ಜ ಹೇಳ್ತಿದ್ದ" ಅಂದ್ರೆ ನಡೆಯಲ್ಲ ನೋಡ್ರಿ. ಪತ್ರಿಕೆಯದೋ ಪುಸ್ತಕದ್ದೋ ಆಧಾರ ಕೊಡಬೇಕು. ಅದು ಒಳ್ಳೇದೇ, ಇಲ್ಲಾಂದ್ರೆ ಅದೂ ಕಟ್ಟೆ ಮಾತೇ ಆಗತೈತಿ. ಬರೆಯಾಕ ಬೇಜಾರಾದೋರು ಕಾಲುವೆ, ಗದ್ದೆ ಫೋಟೊ ವಿಕಿಮೀಡಿಯ ಕಾಮನ್ಸ್‌ಗೆ ಹಾಕ್ರಿ. ನೀವೇ ತೆಗೆದದ್ದಿರಲಿ, ಫಾರ್ವರ್ಡ್ ಬಂದದ್ದು ಬ್ಯಾಡ. ಟೈಪ್ ಮಾಡಾಕ ಬಳ್ಳಾರಿ ಕಾಲೇಜಿಗೆ ಹೋಗೋ ನಮ್ಮ ಮಕ್ಕಳಿದ್ದಾರ.

ನಾಟಿ ಮುಗಿದ ಮ್ಯಾಲೆ ಒಂದು ಭಾನುವಾರ ಕೂಡೋಣ. ಬರೋರು ಹೇಳ್ರಿ.