ಡೇರಿಯ ಹಲಗೆಯ ಮೇಲೆ ಮಳೆಯ ಸುದ್ದಿಯೂ ಇರಲಿ



ನಮ್ಮ ಡೇರಿಯ ಹಲಗೆಯ ಮೇಲೆ ಫ್ಯಾಟ್, ಎಸ್‌ಎನ್‌ಎಫ್, ದರ ಬರೆದಿರುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬೇಕು ಎಂಬುದು ನನ್ನ ಬೇಡಿಕೆ: ನಾಳೆ ನಮ್ಮ ತಾಲ್ಲೂಕಿನಲ್ಲಿ ಮಳೆ, ಗಾಳಿ, ಸಿಡಿಲು ಹೇಗೆ?

ಹವಾಮಾನದ ಸುದ್ದಿ ಈಗ ಇಲ್ಲವೆಂದಲ್ಲ. ಭಾರತ ಹವಾಮಾನ ಇಲಾಖೆ ಮಂಗಳವಾರ ಮತ್ತು ಶುಕ್ರವಾರ ರೈತರಿಗೆ ಸಲಹೆ ಕೊಡುತ್ತದೆ. ‘ಮೇಘದೂತ’ ಆ್ಯಪ್‌ನಲ್ಲಿ ಅದು ಕನ್ನಡದಲ್ಲೇ ಸಿಗುತ್ತದೆ. ಆದರೆ ಫೋನು ಹೆಚ್ಚಾಗಿ ಗಂಡಸರ ಕಿಸೆಯಲ್ಲಿರುತ್ತದೆ. ದನ ಎಲ್ಲಿ ಕಟ್ಟಬೇಕು, ಕಣಿಕೆ ಯಾವಾಗ ಬಣವೆ ಒಟ್ಟಬೇಕು ಎಂದು ನೋಡುವವರು ನಾವು. ಸುದ್ದಿ ಒಬ್ಬರ ಹತ್ತಿರ, ಕೆಲಸ ಇನ್ನೊಬ್ಬರ ಹತ್ತಿರ ಇದ್ದರೆ ನಷ್ಟ ಮನೆಗೆ.

ಆ ನಷ್ಟ ಸಣ್ಣದಲ್ಲ. ಹಿಂಗಾರಿ ಜೋಳ ಕೊಯ್ದು ಕಣಿಕೆ ಹೊಲದಲ್ಲಿ ಬಿದ್ದಿರುವಾಗ ಒಂದು ಅಕಾಲಿಕ ಮಳೆ ಬಂದರೆ ಸಾಕು, ಕಣಿಕೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಆಮೇಲೆ ಬೇಸಿಗೆಯೆಲ್ಲ ಮೇವು ಕೊಳ್ಳಬೇಕು. ಹಾಲಿನ ಬಿಲ್ಲು ಅದಕ್ಕೇ ಹೋಗುತ್ತದೆ.

‘ಮುನ್ಸೂಚನೆ ಸುಳ್ಳಾಗುತ್ತದೆ, ಬರೆದು ಏನು ಮಾಡುವುದು?’ ಎಂದು ಕೆಲವರು ಕೇಳುತ್ತಾರೆ. ಸುಳ್ಳಾಗುವುದುಂಟು. ಆದರೆ ಮಳೆ ಬಾರದ ದಿನ ಬಣವೆಗೆ ತಾಡಪತ್ರಿ ಹೊದಿಸಿದರೆ ಹೋಗುವುದು ಅರ್ಧ ತಾಸು. ಮಳೆ ಬಂದ ದಿನ ಹೊದಿಸದಿದ್ದರೆ ಹೋಗುವುದು ವರ್ಷದ ಮೇವು. ಲೆಕ್ಕ ನೀವೇ ಹಾಕಿ.

ಮುನ್ಸೂಚನೆಯ ಮಾತಿಗೂ ಅಳತೆ ಇದೆ. ‘ಅಲ್ಲಲ್ಲಿ ಮಳೆ’ ಎಂದರೆ ಆ ಭಾಗದ ನೂರು ಕಡೆಗಳಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಕಡೆ ಬೀಳುವುದಿಲ್ಲ ಎಂದರ್ಥ. ಆಳಂದದಲ್ಲಿ ಬಿದ್ದು ನಿಮ್ಮೂರಲ್ಲಿ ಬೀಳದಿದ್ದರೆ ಅದು ಸುಳ್ಳಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಕೊಟ್ಟಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 90 ಲೀಟರಿಗೂ ಹೆಚ್ಚು ನೀರು, ಅಂದರೆ 40 ಲೀಟರಿನ ಎರಡು ಕ್ಯಾನಿಗಿಂತ ಜಾಸ್ತಿ. ಒಂದೇ ದಿನದಲ್ಲಿ 64.5 ಮಿ.ಮೀ. ದಾಟಿದರೆ ಅದನ್ನು ‘ಭಾರಿ ಮಳೆ’ ಎನ್ನುತ್ತಾರೆ.

ಹಲಗೆಯ ಜೊತೆಗೆ ಮೋಡವನ್ನೂ ಓದಬೇಕು. ಮಿರಗ, ಆರಿದ್ರಾ ಎಂಬ ನಮ್ಮ ಹಿರಿಯರ ಲೆಕ್ಕ ಹಂಗಾಮು ಹೇಳುತ್ತದೆ, ನಾಳೆಯ ಮಾತು ಹೇಳುವುದಿಲ್ಲ. ಜೂನ್-ಜುಲೈನಲ್ಲಿ ಪಡುವಣ ಗಾಳಿಗೆ ಮೋಡಗಳು ಓಡುತ್ತಲೇ ಇರುತ್ತವೆ, ಮಳೆ ಮಾತ್ರ ಇಲ್ಲ. ಸಹ್ಯಾದ್ರಿ ಬೆಟ್ಟ ಹತ್ತುವಾಗಲೇ ಅವು ನೀರು ಸುರಿಸಿ ಬಂದಿರುತ್ತವೆ. ನಾವಿರುವುದು ಮಳೆ ನೆರಳಿನಲ್ಲಿ. ಹತ್ತಿ ಎಳೆಯಂಥ ಎತ್ತರದ ಬಿಳಿ ಮೋಡ ಕೂಡಲೇ ಮಳೆ ಕೊಡುವುದಿಲ್ಲ. ಮಧ್ಯಾಹ್ನದ ಮೇಲೆ ಹೂಕೋಸಿನಂತೆ ಮೇಲೆ ಮೇಲೆ ಏಳುವ, ಬುಡ ಕಪ್ಪಗಿರುವ, ತಲೆ ಚಪ್ಪಟೆಯಾಗಿ ಹರಡುವ ಮೋಡಕ್ಕೆ ಮಾತ್ರ ಅಂಜಬೇಕು. ಗುಡುಗು, ಸಿಡಿಲು, ಆಲಿಕಲ್ಲು ಬರುವುದು ಅದರಿಂದಲೇ. ಒಮ್ಮೆಲೇ ತಂಪು ಗಾಳಿ ಬೀಸಿತೆಂದರೆ ಹೊತ್ತಿಲ್ಲ ಎಂದು ತಿಳಿಯಿರಿ.

ಮಿಂಚು ಕಂಡ ಮೇಲೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ದನ ಹೊಡೆದುಕೊಂಡು ಮನೆ ಸೇರಿ. ಮರದ ಕೆಳಗೆ, ತಂತಿ ಬೇಲಿಯ ಹತ್ತಿರ ಕಟ್ಟಬೇಡಿ. ಮರಕ್ಕೆ ಬಡಿದ ಸಿಡಿಲು ನೆಲದಲ್ಲಿ ಹರಡಿ, ದನದ ಮುಂಗಾಲಿನಿಂದ ಹಿಂಗಾಲಿಗೆ ಎದೆಯ ಮೂಲಕ ಹಾಯುತ್ತದೆ. 2022-26ರ ವಿಪತ್ತು ಪರಿಹಾರ ನಿಯಮದಲ್ಲಿ ಒಂದು ಕರೆಯುವ ಆಕಳು ಅಥವಾ ಎಮ್ಮೆಗೆ ಇಟ್ಟಿದ್ದು ರೂ. 37,500. ಆ ದುಡ್ಡಿಗೆ ಒಳ್ಳೆಯ ಎಮ್ಮೆ ಸಿಗುತ್ತದೆಯೇ?

ಅಫಜಲಪುರ, ಜೇವರ್ಗಿಯ ಭೀಮಾ ದಂಡೆಯವರಿಗೆ ತಮ್ಮೂರ ಮೋಡ ನೋಡಿದರೂ ಸಾಲದು. ಮಳೆ ಮಹಾರಾಷ್ಟ್ರದಲ್ಲಿ ಬೀಳುತ್ತದೆ, ಉಜನಿ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಹೊಳೆ ನಮ್ಮ ಕೊಟ್ಟಿಗೆಗೆ ಬರುತ್ತದೆ. 2020ರ ಅಕ್ಟೋಬರ್ ಪ್ರವಾಹ ಯಾರೂ ಮರೆತಿಲ್ಲ. ದಂಡೆಯ ಊರುಗಳ ಹಲಗೆಯ ಮೇಲೆ ಉಜನಿಯ ಸುದ್ದಿಯೂ ಬೇಕು.

ಇದಕ್ಕೆ ದೊಡ್ಡ ಖರ್ಚಿಲ್ಲ. ಸಂಘದ ಕಾರ್ಯದರ್ಶಿಗಳು ಸಂಜೆ ಹಾಲು ಅಳೆಯುವ ಮೊದಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ (92433 45433) ಒಂದು ಕರೆ ಮಾಡಿ, ಎರಡು ಸಾಲು ಬರೆಯಲಿ. ಅವರ ಫೋನಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಇರಲಿ. ಓದಲು ಬಾರದ ಅಕ್ಕಂದಿರಿಗೆ ಹಾಲು ಹಾಕುವಾಗ ಬಾಯಿಂದ ಹೇಳಲಿ. ಒಕ್ಕೂಟವು ಪ್ರತಿ ಸಂಘಕ್ಕೆ ಒಂದು ಮಳೆ ಅಳೆಯುವ ಪ್ಲಾಸ್ಟಿಕ್ ಮಾಪಕ ಕೊಡಲಿ.

ನಮ್ಮ ಮಹಿಳಾ ಸಂಘಗಳ ಮುಂದಿನ ಸಭೆಯಲ್ಲಿ ಈ ವಿಷಯವನ್ನು ನೀವೇ ಎತ್ತಿ, ಠರಾವು ಬರೆಸಿ. ಕೇಳದೆ ಯಾವ ಸೌಲಭ್ಯವೂ ನಮ್ಮ ಕೊಟ್ಟಿಗೆಯವರೆಗೆ ಬಂದದ್ದಿಲ್ಲ.